ಟ್ರ್ಯಾಕ್ಟರಿಗೆ ಅಳತೆ ತೆಗೆದ ಟೇಲರಣ್ಣ

"ನನ್ನ ಟೇಪಿಗೆ ಬಗ್ಗದ ವಸ್ತು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಕಣೇ! ಭಾನುವಾರ ಆ ಟ್ರ್ಯಾಕ್ಟರ್ ತಾನಾಗಿ ಶೆಡ್ಡಿನಿಂದ ಹೊರಗೆ ಬರದಿದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಟ್ಬಿಡ್ತೀನಿ!"

ಟೇಲರಣ್ಣ ಹೀಗೆ ಗುಡುಗಿದ್ದು ಹಲ್ಲುಜ್ಜುತ್ತಾ. ಬಾಯಿ ತುಂಬ ನೊರೆ ಇದ್ದದ್ದರಿಂದ ಹೆಂಡತಿಗೆ ಪ್ರತಿಜ್ಞೆಯ ಬಾಲ ಮಾತ್ರ ಕೇಳಿಸಿತು.

"ಏನು ಬಿಡ್ತೀರಿ?"

"ಕತ್ತರಿ!"

"ಅದನ್ನ ಬಿಟ್ರೆ ಊಟಕ್ಕೇನು ಮಾಡೋಣ? ಟ್ರ್ಯಾಕ್ಟರ್ ಆಸೆ ಬಿಡಿ, ಸಾಕು. ಗುಜರಿಯವರಿಗೆ ಭಾನುವಾರ ಬನ್ನಿ ಅಂತ ಹೇಳಿ ಆಯ್ತು."

ಗಂಡ ಹೆಂಡತಿ ಇಬ್ಬರದೂ ಹೊಲಿಗೆಯೇ. ಅವನದು ಶರ್ಟು, ಪ್ಯಾಂಟು. ಅವಳದು ಪರದೆ, ದಿಂಬಿನ ಚೀಲ. ಇಬ್ಬರಿಗೂ ಸೇರಿ ಇರುವುದು ಒಂದೇ ಕೋಣೆ. ಪರದೆ ಬಟ್ಟೆಯ ಥಾನುಗಳು ಮಂಚದ ಮೇಲೆ ಆರಾಮಾಗಿ ಮಲಗುತ್ತಿದ್ದವು, ಗಂಡ ಹೆಂಡತಿ ನೆಲದ ಮೇಲೆ. ಇನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳ ಅಪ್ಪನ ಕಾಲದ ಪೆಟ್ರೋಲ್ ಟ್ರ್ಯಾಕ್ಟರು ಮಹಾರಾಜನ ಹಾಗೆ ಒಂದೇ ಸಮನೆ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. "ಇವತ್ತು ರಿಪೇರಿ ಮಾಡ್ತೀನಿ, ನಾಳೆ ಮಾಡ್ತೀನಿ" ಎಂದು ಟೇಲರಣ್ಣ ವರ್ಷಗಟ್ಟಲೆ ದಾಟಿಸಿದ್ದ. ಕೊನೆಗೆ, ಪರದೆ ಹೊಲಿಯಲು ಆ ಶೆಡ್ಡು ತನಗೆ ಬೇಕೆಂದು ಹೆಂಡತಿ ತೀರ್ಪು ಕೊಟ್ಟಳು: ಭಾನುವಾರದೊಳಗೆ ಅದು ತನ್ನ ಬಲದ ಮೇಲೆ ಶೆಡ್ಡು ದಾಟಿದರೆ ಉಳಿಯುತ್ತದೆ, ಅವಳು ಹೊರಗಡೆ ಚಪ್ಪರ ಹಾಕಿಸಿ ಅಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. ಇಲ್ಲವಾದರೆ ಗುಜರಿ.

ಗುಜರಿ ಎಂಬ ಮಾತು ಕೇಳಿದರೇ ಟೇಲರಣ್ಣ ಕಿವಿ ಮುಚ್ಚಿಕೊಳ್ಳುತ್ತಿದ್ದ. ಯಾಕೆಂದರೆ ಹೆಂಡತಿಯನ್ನು ಅವನು ಮೊದಲ ಸಲ ಕಂಡದ್ದೇ ಈ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ. ಎರಡು ಜಡೆಯ ಹುಡುಗಿ, ಕೈಯಲ್ಲಿ ಸೀಬೆಹಣ್ಣು. ಅವತ್ತೇ ಅವನ ಕಥೆ ಮುಗಿದಿತ್ತು! ಆದರೆ ಇಷ್ಟು ವಯಸ್ಸಾದ ಮೇಲೆ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಹೇಗೆ? ನಾಚಿಕೆ. ಅದಕ್ಕೇ "ಎಂಜಿನ್ ಒಳ್ಳೇ ಕಂಡೀಷನ್‌ನಲ್ಲಿದೆ" ಎಂದು ವಾದಿಸುತ್ತಿದ್ದ.

ಎಂಜಿನ್ ನಿಜಕ್ಕೂ ಚೆನ್ನಾಗಿಯೇ ಇತ್ತು. ಸತ್ತಿದ್ದದ್ದು ಬ್ಯಾಟರಿಗೆ ಕರೆಂಟ್ ತುಂಬುವ ಹಳೆಯ ಡೈನಮೋ. ಅದರ ಜಾಗಕ್ಕೆ ಅದೇ ಕೆಲಸ ಮಾಡುವ ಹೊಸ ಕಾಲದ ಆಲ್ಟರ್ನೇಟರ್ ಹಾಕಬೇಕು. ಡೈನಮೋ ತೆಳ್ಳಗೆ ಉದ್ದಕ್ಕಿರುತ್ತದೆ, ಆಲ್ಟರ್ನೇಟರು ಗಿಡ್ಡ, ಬೊಜ್ಜು. ಜಾಗವೋ, ಒಂದು ಪಕ್ಕ ಎಂಜಿನ್, ಇನ್ನೊಂದು ಪಕ್ಕ ಸ್ಟಿಯರಿಂಗಿನ ಸರಳು, ಮೇಲೆ ಬಾನೆಟ್ಟು. ಬೇರೆಯವರಾಗಿದ್ದರೆ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದರು. ಟೇಲರಣ್ಣ ಕೊರಳಲ್ಲಿದ್ದ ಟೇಪು ತೆಗೆದ.

"ಎದೆ ಇಷ್ಟು, ಸೊಂಟ ಇಷ್ಟು" ಎಂದು ಗೊಣಗುತ್ತಾ ಆ ಸಂದಿಯ ಅಳತೆ ತೆಗೆದ. ಕ್ಯಾನ್ವಾಸ್ ಬಟ್ಟೆ ಕತ್ತರಿಸಿದ. ಒಳಗೆ ಚಿಂದಿ ತುರುಕಿ ಆಲ್ಟರ್ನೇಟರಿನ ಗಾತ್ರದ ಒಂದು ಬೊಂಬೆಯನ್ನು ಹೊಲಿದೇಬಿಟ್ಟ! ಸಂದಿಯಲ್ಲಿಟ್ಟು ನೋಡಿದರೆ ಸುತ್ತಲೂ ಒಂದೊಂದು ಇಂಚು ಜಾಗ. ಅದು ಅವನ ಕಸುಬಿನ ಧರ್ಮ. ಬೆಳೆಯುವ ಮೈ, ಮಾರ್ಜಿನ್ ಬಿಡಲೇಬೇಕು.

ಅಂದಿನಿಂದ ಟೇಲರಣ್ಣ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅರ್ಧ ಹೊಲಿಗೆಗೆ ಎದ್ದು ಶೆಡ್ಡಿಗೆ ಓಡುವುದು, ಶೆಡ್ಡಿನಿಂದ ಬಿಡಿಭಾಗದ ಅಂಗಡಿಗೆ ಓಡುವುದು. ಬೀದಿ ಕೊನೆಯ ಹಜಾಮರ ಶರ್ಟಿಗೆ ಎರಡೂ ತೋಳು ಎಡಗಡೆಗೇ ಕೂತವು. ಬಸ್ಸಿನಲ್ಲಿ ಕಂಕುಳಲ್ಲಿದ್ದ ಬೊಂಬೆಯನ್ನು ಕಂಡ ಒಬ್ಬ ತಾಯಿ "ಪಾಪ, ಮಗು ಮಲಗಿದೆ" ಎಂದು ಸೀಟು ಬಿಟ್ಟುಕೊಟ್ಟಳು. ಅವನು ಬೊಂಬೆಯ ಬೆನ್ನು ತಟ್ಟುತ್ತಾ ಕೂತುಕೊಂಡ.

ಮೊದಲ ಅಂಗಡಿಯವನು ಕಾರಿನದೊಂದನ್ನು ತೋರಿಸಿದ. ಬೊಂಬೆಯ ಪಕ್ಕದಲ್ಲಿಟ್ಟರೆ ಅದು ಕುಂಬಳಕಾಯಿ! ಎರಡನೆಯವನು ಲಾರಿಯದನ್ನು ಎತ್ತಿ ತಂದ.

"ಇದನ್ನ ಹಾಕಿದ್ರೆ ಇದಕ್ಕೇ ಒಂದು ಟ್ರ್ಯಾಕ್ಟರ್ ಬೇಕಾಗುತ್ತೆ" ಎಂದು ಟೇಲರಣ್ಣ ಎದ್ದು ಬಂದ.

ಮೂರನೆಯವನು ಮುದುಕ. ಬೊಂಬೆಯನ್ನು ಒತ್ತಿ ನೋಡಿ, ತಿರುಗಿಸಿ ನೋಡಿ, ಅಟ್ಟದಿಂದ ಒಂದು ಪುಟಾಣಿ ಆಲ್ಟರ್ನೇಟರ್ ಇಳಿಸಿದ. ಯಾವುದೋ ಸಣ್ಣ ಮಣ್ಣೆತ್ತುವ ಯಂತ್ರದ್ದು. ಬೊಂಬೆಯ ಅವಳಿ ತಮ್ಮನ ಹಾಗಿತ್ತು!

"ಇಷ್ಟು ಚಿಕ್ಕದು ಸಾಕಾ ಸ್ವಾಮಿ?"

"ಧಾರಾಳ ಸಾಕು. ಹಳೇ ಡೈನಮೋಗಿಂತ ಜಾಸ್ತಿನೇ ಕೊಡುತ್ತೆ. ಸುತ್ತ ಜಾಗ ಬಿಟ್ಟಿದ್ದೀರಾ? ಬೆಲ್ಟ್ ಬಿಗಿ ಮಾಡೋಕೆ ಅದು ಆ ಕಡೆ ಈ ಕಡೆ ಸರಿದಾಡಬೇಕು."

"ಒಂದಿಂಚು ಮಾರ್ಜಿನ್!"

"ಅಬ್ಬಾ! ಎಷ್ಟೋ ಮೆಕ್ಯಾನಿಕ್‌ಗಳೇ ಮರೀತಾರೆ. ಭಲೇ!"

ಈ ಒಂದು 'ಭಲೇ' ಟೇಲರಣ್ಣನ ತಲೆ ಕೆಡಿಸಿತು. ಅಲ್ಲಿಂದ ಮುಂದೆ ಮುದುಕ ಹೇಳಿದ್ದೆಲ್ಲ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ಮುದುಕ ಕೊಟ್ಟ ತಂತಿಯ ನಡುವೆ ಹುಣಸೆಬೀಜದಷ್ಟು ದೊಡ್ಡ ಕಪ್ಪು ಗಂಟು ಇತ್ತು. ಅದರ ಬಗ್ಗೆಯೂ ಅವನು ಏನೋ ಹೇಳಿದ. ಟೇಲರಣ್ಣ "ಹ್ಞೂಂ ಹ್ಞೂಂ" ಎಂದು ತಲೆಯಾಡಿಸಿದ.

ಮನೆಗೆ ಬಂದು ಆಲ್ಟರ್ನೇಟರ್ ಕೂರಿಸಿದರೆ, ಆಹಾ, ಅಳತೆಗೆ ಹೊಲಿದ ಕೋಟು! ಆದರೆ ಆ ಗಂಟು ಮಾತ್ರ ಕಣ್ಣಿಗೆ ಚುಚ್ಚತೊಡಗಿತು. ಗಂಟು ಬಿದ್ದ ದಾರದಲ್ಲಿ ಯಾವ ಮರ್ಯಾದಸ್ಥ ಟೇಲರ್ ಹೊಲಿಯುತ್ತಾನೆ? ಕಚಕ್ಕೆಂದು ಕತ್ತರಿಸಿ ಬಿಸಾಡಿದ. ತಂತಿಯ ಎರಡು ತುದಿಗಳನ್ನು ನೀಟಾಗಿ ಜೋಡಿಸಿ, ಮೇಲೆ ಇನ್ಸುಲೇಷನ್ ಟೇಪು ಸುತ್ತಿದ. ಈಗ ನೋಡಲು ಚೆಂದವಾಯಿತು.

ಭಾನುವಾರ ಬೆಳಿಗ್ಗೆ ಗುಜರಿಯವನು ಟೆಂಪೋ ತಂದು ಗೇಟು ಅಗಲವಾಗಿ ತೆರೆದಿಟ್ಟ. ಟೇಲರಣ್ಣ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಚಾರ್ಜ್ ಮಾಡಿಸಿ ತಂದ ಬ್ಯಾಟರಿ ಕೂರಿಸಿ, ಟ್ಯಾಂಕಿನ ತುಂಬ ಪೆಟ್ರೋಲ್ ಹೊಯ್ದು, ಸಿಂಹಾಸನ ಏರುವವನಂತೆ ಸೀಟು ಏರಿದ. ಕೀ ತಿರುಗಿಸಿದ.

ಢಮಾರ್! ಟ್ರ್ಯಾಕ್ಟರು ಗೇರಿನಲ್ಲೇ ನಿಂತಿದ್ದದ್ದನ್ನು ಅವನು ನೋಡಿರಲಿಲ್ಲ. ಅದು ಒಮ್ಮೆ ಕುಪ್ಪಳಿಸಿ, ಶೆಡ್ಡಿನ ಬಾಗಿಲಿಗೆ ಹೆಂಡತಿ ಹೊಲಿದು ಕಟ್ಟಿದ್ದ ಪರದೆಯನ್ನು ಬಾನೆಟ್ಟಿಗೆ ಮುಸುಕು ಹಾಕಿಕೊಂಡು, ಗೇಟು ದಾಟಿ ಬೀದಿಗೆ ಬಂತು! ಮೊದಲನೇ ಗೇರು, ನಡೆಯುವ ಮನುಷ್ಯನ ವೇಗ, ಆದರೆ ಸದ್ದು ಮಾತ್ರ ಯುದ್ಧರಂಗದ್ದು. ಟೇಲರಣ್ಣ ಬ್ಲಾಕಿಗೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಎದೆ ಎರಡಿಂಚು ಉಬ್ಬಿತ್ತು. ಗೇಟಿನ ಮುಂದೆ ಠೀವಿಯಿಂದ ಕೀ ತಿರುಗಿಸಿ, ಹೊರಗೆಳೆದು, ಎತ್ತಿ ಹಿಡಿದ.

ಟ್ರ್ಯಾಕ್ಟರ್ ಮುಂದಕ್ಕೆ ಹೋಗುತ್ತಲೇ ಇತ್ತು.

"ರೀ, ಎಲ್ಲಿಗೆ ಹೊರಟ್ರಿ?"

"ಇನ್ನೊಂದು ಸುತ್ತು!" ಎಂದ. ಮಾನ ಉಳಿಸಿಕೊಳ್ಳಬೇಡವೇ?

ಕ್ಲಚ್ಚು ಒತ್ತಿದ. ವರ್ಷಗಟ್ಟಲೆ ನಿಂತು ತುಕ್ಕು ಹಿಡಿದ ಕ್ಲಚ್ಚು ಕ್ಯಾರೇ ಅನ್ನಲಿಲ್ಲ. ಬ್ರೇಕು ಒತ್ತಿದ. ಬ್ರೇಕಿಗೆ ಗಾಢನಿದ್ದೆ. ಗೇರು ಎಳೆದ, ಅದೂ ಜಪ್ಪಯ್ಯ ಅನ್ನಲಿಲ್ಲ. ಕೆಳಗೆ ಹಾರೋಣವೆಂದರೆ ಸ್ಟಿಯರಿಂಗ್ ಹಿಡಿಯುವವರು ಯಾರು? ಬೀದಿಯ ಕೊನೆಗೆ ಹಜಾಮರ ಅಂಗಡಿಯ ಆಳೆತ್ತರದ ಕನ್ನಡಿ ಬೇರೆ. ಅದರಲ್ಲಿ ತನ್ನ ಮುಖವೇ ಎದುರಿಗೆ ದೊಡ್ಡದಾಗುತ್ತಾ ಬರುವುದನ್ನು ಕಂಡು ಟೇಲರಣ್ಣ ಮೈ ಬೆವರಿ ಸ್ಟಿಯರಿಂಗ್ ತಿರುಗಿಸಿದ.

ಅಂಗಡಿಯಿಂದ ಹಜಾಮರು ಹೊರಗೆ ಬಂದು ಟ್ರ್ಯಾಕ್ಟರಿನ ಪಕ್ಕದಲ್ಲೇ ಹೆಜ್ಜೆ ಹಾಕಿದರು.

"ಟೇಲರಣ್ಣಾ, ಅಂತೂ ಕೈಗೆ ಸಿಕ್ರಿ! ನನ್ನ ಶರ್ಟು ಯಾವಾಗ?"

"ಮಂಗಳವಾರ!"

"ಯಾವ ಮಂಗಳವಾರ?"

"ಇದು ನಿಂತ ಮೇಲೆ ಬರೋ ಮಂಗಳವಾರ!"

ಎರಡನೇ ಸುತ್ತಿಗೆ ಗೇಟಿನ ಬಳಿ ಬಂದಾಗ ಅಭಿಮಾನವೆಲ್ಲ ಆವಿಯಾಗಿತ್ತು.

"ಕೀ ನನ್ನ ಕೈಲಿದೆ ಕಣೇ! ಆದ್ರೂ ಓಡ್ತಿದೆ!"

"ನಿಲ್ಲಿಸ್ರೀ!"

"ನಿಲ್ಲಿಸೋಕೆ ಗೊತ್ತಿದ್ರೆ ನಿನ್ನ ಹತ್ರ ಯಾಕೆ ಹೇಳ್ತಿದ್ದೆ?"

ಗುಜರಿಯವನೂ ಜೊತೆಗೆ ನಡೆಯತೊಡಗಿದ. "ಅಣ್ಣಾ, ನನಗೆ ಬೇರೆ ಕಡೆ ಹೋಗಬೇಕು. ಒಂದು ಮಾತು ಹೇಳ್ಬಿಡಿ, ಕೊಡ್ತೀರಾ ಇಲ್ವಾ?"

"ಕೊಡಲ್ಲ!" ಎಂದು ಟೇಲರಣ್ಣ ಕಿರುಚಿದ. ಜೀವ ಬಾಯಿಗೆ ಬಂದಿದ್ದರೂ ಆ ಮಾತು ಮಾತ್ರ ಗಟ್ಟಿಯಾಗಿಯೇ ಬಂತು.

ಮೂರನೇ ಸುತ್ತಿಗೆ ಹೆಂಡತಿ ಬಿಡಿಭಾಗದ ಅಂಗಡಿಯ ಮುದುಕನಿಗೆ ಫೋನ್ ಹಚ್ಚಿ ನಿಂತಿದ್ದಳು.

"ತಂತಿ ಮಧ್ಯೆ ಒಂದು ಗಂಟಿತ್ತಂತೆ, ಅದೇನಾಯ್ತು ಅಂತ ಕೇಳ್ತಿದ್ದಾರೆ!"

"ಕತ್ತರಿಸಿದೆ!"

"ಯಾಕೆ?"

"ನೋಡೋಕೆ ಚೆನ್ನಾಗಿರಲಿಲ್ಲ!"

ಫೋನಿನ ಆ ಕಡೆಯಿಂದ ಬಂದ ಉತ್ತರವನ್ನು ಅವಳು ಹಾಗೇ ಹೇಳಲಿಲ್ಲ. ಸೋಸಿ ಹೇಳಿದಳು. "ವಾಪಸ್ ಬರೋ ಕರೆಂಟನ್ನ ತಡೀತಾ ಇದ್ದದ್ದೇ ಅದಂತೆ! ಈಗ ಕೀ ತೆಗೆದ್ರೂ ಆಲ್ಟರ್ನೇಟರೇ ಹಿತ್ತಿಲ ಬಾಗಿಲಿಂದ ಎಂಜಿನ್‌ಗೆ ಕರೆಂಟ್ ಬಡಿಸ್ತಿದೆಯಂತೆ! ಪೆಟ್ರೋಲ್ ಎಷ್ಟಿದೆ ಅಂತ ಕೇಳ್ತಿದ್ದಾರೆ!"

"ಟ್ಯಾಂಕ್ ತುಂಬ!"

ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು. ಟೇಲರಣ್ಣ ಅಳುವುದೊಂದು ಬಾಕಿ. ನಾಲ್ಕನೇ ಸುತ್ತು ಮುಗಿಸಿ ಬಂದರೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿನಲ್ಲಿ ಅದ್ದಿದ ಗೋಣಿಚೀಲ ಹಿಡಿದು ಬೀದಿಯಲ್ಲೇ ನಿಂತಿದ್ದಳು. ಟ್ರ್ಯಾಕ್ಟರಿನ ಜೊತೆ ನಾಲ್ಕು ಹೆಜ್ಜೆ ನಡೆದು, ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಆ ಚೀಲವನ್ನು ಅದುಮಿ ಹಿಡಿದಳು. ಟ್ರ್ಯಾಕ್ಟರು ಕೆಮ್ಮಿತು, ನಡುಗಿತು, ಉಸಿರು ಕಟ್ಟಿ ನಿಂತಿತು.

ಟೇಲರಣ್ಣ ಇಳಿದ. ಹೆಂಡತಿ ಬಿಸಿ ಬಾನೆಟ್ಟಿನ ಮೇಲಿದ್ದ ಪರದೆ ತೆಗೆದು, ಅಲ್ಲೇ ಕೈಯಿಟ್ಟು ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ಇದರ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತು! ಅಪ್ಪನೇ ಬಂದ ಹಾಗಾಯ್ತು ಕಣ್ರೀ."

"ಹಾಗಾದ್ರೆ... ಶೆಡ್ಡಿಂದ ತಾನಾಗಿ ಬಂತಲ್ವೇನೇ?" ಟೇಲರಣ್ಣ ಮೆಲ್ಲಗೆ ಕೇಳಿದ.

"ಬಂತು. ಮಾತು ಅಂದ್ರೆ ಮಾತು. ಟ್ರ್ಯಾಕ್ಟರ್ ಎಲ್ಲಿಗೂ ಹೋಗಲ್ಲ."

ಟೇಲರಣ್ಣನ ಎದೆ ಮತ್ತೆ ಉಬ್ಬತೊಡಗಿತು. ಅಷ್ಟರಲ್ಲಿ ಹೆಂಡತಿ ಶೆಡ್ಡಿನೊಳಗೆ ಹೋಗಿ ಒಂದು ಭಾರದ ಕಬ್ಬಿಣದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಗುಜರಿಯವನ ಟೆಂಪೋದೊಳಗೆ ಇಟ್ಟಳು.

"ಅಯ್ಯೋ, ಅದು ನನ್ನ ಸ್ಪ್ಯಾನರ್ ಪೆಟ್ಟಿಗೆ ಕಣೇ!"

"ಗೊತ್ತು. ಪಾಪ, ಅಣ್ಣ ಬಂದಿದ್ದಾರೆ, ಬರಿಗೈಲಿ ಕಳಿಸೋಕಾಗುತ್ತಾ?"

ಗುಜರಿಯವನು ತಲೆ ಕೆರೆದುಕೊಂಡ. "ಇದಕ್ಕೇನು ಕೊಡ್ಲಿ ಅಕ್ಕಾ?"

"ಏನೂ ಕೊಡ್ಬೇಡಿ ಅಣ್ಣಾ. ನಾಳೆ ಇವರು ಬಂದು ಎಷ್ಟೇ ಗೋಗರೆದ್ರೂ ವಾಪಸ್ ಕೊಡ್ಬೇಡಿ, ಅಷ್ಟೇ!"