ನನ್ನನ್ನು ಗರಗಸದಿಂದ ಕೊಯ್ದವರು

ನಮ್ಮ ಮನೆಯವರು ನನ್ನನ್ನು ಜನರ ಕಣ್ಣೆದುರಿಗೇ ಗರಗಸದಿಂದ ಎರಡು ತುಂಡು ಮಾಡಿದ್ದಾರೆ. ಹೊಸಪೇಟೆಯಲ್ಲಿ ಮಾಡಿದರು, ಕಂಪ್ಲಿಯಲ್ಲಿ ಮಾಡಿದರು, ಹಂಪಿ ನೋಡಲು ಬಂದ ಫಾರಿನ್ನಿನವರ ಎದುರಿಗೂ ಮಾಡಿದರು. ಯಾರಾದರೂ ತಡೆದರೇ? ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಪ್ಲಿಯಲ್ಲಂತೂ ಸಬ್‌ಇನ್‌ಸ್ಪೆಕ್ಟರು ಸಂಸಾರ ಸಮೇತ ಮುಂದಿನ ಸಾಲಿನಲ್ಲಿ ಕೂತು ‘ಒನ್ಸ್ ಮೋರ್’ ಎಂದರು. ಹೆಂಡತಿಯನ್ನು ಕೊಯ್ದವನಿಗೆ ಪೊಲೀಸರೇ ಒನ್ಸ್ ಮೋರ್ ಅನ್ನುವ ಸೀಮೆಯಲ್ಲಿ ನಾನು ಸಂಸಾರ ಮಾಡಿದವಳು. ನನಗೆ ಸಿಟ್ಟು ಜಾಸ್ತಿ ಎಂದು ಆಡಿಕೊಳ್ಳುವವರು ಒಮ್ಮೆ ಆ ಪೆಟ್ಟಿಗೆಯೊಳಗೆ ಮೊಣಕಾಲು ಮಡಚಿಕೊಂಡು ಮಲಗಿ ನೋಡಲಿ, ಆಮೇಲೆ ಮಾತಾಡೋಣ.

ಹೊಟ್ಟೆಪಾಡಿಗೆ ಇವರು ವಿಜ್ಞಾನಿ. ಹುಡುಗನಾಗಿದ್ದಾಗಿನಿಂದ ಸಂಡೂರಿನ ಗುಡ್ಡಗಳನ್ನು ಅಲೆದು, ಕಲ್ಲುಗಳ ಬಗ್ಗೆಯೇ ಬರೆದು ಡಾಕ್ಟರ್ ಅನ್ನಿಸಿಕೊಂಡವರು. ಬೋರ್ಡು ನೋಡಿ ಓಣಿಯ ಜನ ಜ್ವರ ಬಂದರೆ ನಮ್ಮ ಬಾಗಿಲು ತಟ್ಟುತ್ತಿದ್ದರು, ಆ ಕಥೆ ಬೇರೆ. ಗಣಿ ಕಂಪನಿಯೊಂದರ ಹೊಸಪೇಟೆ ಲ್ಯಾಬಿನಲ್ಲಿ ಅದಿರನ್ನು ಕುಟ್ಟಿ ಪುಡಿ ಮಾಡಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ಇವರ ಕೆಲಸ. ಸಂಜೆಯಾದರೆ ಕರಿ ಕೋಟು ಹಾಕಿಕೊಂಡು ಜಾದೂಗಾರ. “ಲ್ಯಾಬಿನಾಗ ಏನೂ ಮುಚ್ಚಿಡಬಾರದು, ಸ್ಟೇಜಿನಾಗ ಏನೂ ಬಿಚ್ಚಿಡಬಾರದು” ಎನ್ನುವುದೇ ಇವರ ಗಾಯತ್ರಿ. ಸರಿ, ಮನೆಯಲ್ಲಿ? ಮನೆಯಲ್ಲಿ ಎರಡೂ ಉಲ್ಟಾ. “ಸಕ್ಕರೆ ತಂದ್ರೇನ್ರಿ?” ಎಂದು ಕೇಳಿದರೆ ನನ್ನ ಕಿವಿಯಿಂದ ನಾಣ್ಯ ತೆಗೆದು ತೋರಿಸುತ್ತಿದ್ದರು. ಕಿವಿಯಿಂದ ಸಕ್ಕರೆ ತೆಗೆದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ನಮ್ಮ ಅತ್ತೆಯವರ ಸೀರೆಯ ವಿಷಯ ಕೇಳಿ. ಒಂದು ಹಬ್ಬದ ದಿನ ಅವರ ಸೀರೆಗೆ ಅರಿಸಿನದ ಕಲೆಯಾಗಿತ್ತು. ಸಾಬೂನು ಹಚ್ಚಿ ಉಜ್ಜಿದರೆ ಹಳದಿ ಕಲೆ ರಕ್ತದ ಹಾಗೆ ಕೆಂಪಾಯಿತು. ಅಪಶಕುನವೆಂದು ಆಕೆ ನಡುಗಿಬಿಟ್ಟರು. ಇವರು ಬಂದು ನಿಂಬೆಹಣ್ಣು ಹಿಂಡಿದರು, ಕೆಂಪು ಹೋಗಿ ಮತ್ತೆ ಹಳದಿ! ಹನುಮಂತದೇವರೇ ಕಾಪಾಡಿದನೆಂದು ಅತ್ತೆಯವರು ದೇವರ ಮನೆಯತ್ತ ಕೈ ಮುಗಿದರು. ಅಲ್ಲಿಗೆ ಬಿಡಬಾರದೇ? ಇಲ್ಲ. ಕ್ಷಾರ ಅಂದರೇನು, ಆಮ್ಲ ಅಂದರೇನು ಎಂದು ಒದ್ದೆ ಸೀರೆ ಹಿಡಿದುಕೊಂಡೇ ಪಾಠ ಶುರು ಮಾಡಿದರು.

ಅತ್ತೆಯವರು ಪೂರ್ತಿ ಕೇಳಿಸಿಕೊಂಡರು. “ಊರ ಮಂದಿಗೆಲ್ಲ ಸುಳ್ಳು ತೋರಿಸಿ ಖುಷಿ ಪಡಸ್ತಿ. ಹಡದ ತಾಯಿಗೆ ಒಂದು ಪವಾಡ ಬಿಟ್ಟುಕೊಡ್ಲಿಕ್ಕೆ ನಿನಗೇನಾಗಿತ್ತು?” ಎಂದರು. ಅವತ್ತು ಮಧ್ಯಾಹ್ನ ಹೋಳಿಗೆ ಬಡಿಸುವಾಗ ಆಕೆ ಮಗನ ಎಲೆಯನ್ನು ದಾಟಿ ಮುಂದೆ ಹೋದದ್ದು ನನಗೆ ಭಾಳ ಸಮಾಧಾನ ಕೊಟ್ಟಿತು.

ಇವರಿಗೆ ಇನ್ನೂ ಒಂದು ನಿಯಮವಿತ್ತು. ಮಾಯ ಮಾಡಿದ್ದನ್ನು ಜನ ಮನೆಗೆ ಹೋಗುವುದರೊಳಗೆ ವಾಪಸ್ ತರಲೇಬೇಕು. “ವಾಪಸ್ ಕೊಡಲಿಲ್ಲಂದ್ರ ಅದಕ್ಕ ಜಾದೂ ಅನ್ನಂಗಿಲ್ಲ, ಕಳವು ಅಂತಾರ” ಎನ್ನುತ್ತಿದ್ದರು. ಈ ನಿಯಮದಿಂದ ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಬುಕ್ಕಸಾಗರದಲ್ಲಿ ಒಮ್ಮೆ, ಪ್ರೇಕ್ಷಕರಲ್ಲಿ ಕೂತಿದ್ದ ಹೆಂಗಸೊಬ್ಬಳ ಕೈಯಿಂದ ಕೋಳಿ ಇಸಿದುಕೊಂಡರು. “ಮೊಟ್ಟಿ ಇಡೋ ಕೋಳಿ ಐತ್ರಿ ಸ್ವಾಮ್ಯಾರ, ಜ್ವಾಕಿ” ಎಂದಳು ಆಕೆ. ಮಡಿವಂತರ ಮನೆಯ ಮಗ ಕೋಳಿಯನ್ನು ಎದೆಗವಚಿಕೊಂಡು ಪೆಟ್ಟಿಗೆಯೊಳಗಿಟ್ಟು, ಮಂತ್ರ ಹಾಕಿ ಮಾಯ ಮಾಡಿದರು. ವಾಪಸ್ ತರಲು ಪೆಟ್ಟಿಗೆ ತೆಗೆದರೆ ಕೋಳಿ ನಿಜವಾಗಿಯೂ ಮಾಯ. ಪೆಟ್ಟಿಗೆಯ ಹಿಂದಿನ ಹಲಗೆ ಸಡಿಲವಾಗಿ, ಅದು ಪಕ್ಕದ ಭತ್ತದ ಗದ್ದೆಗೆ ಇಳಿದುಬಿಟ್ಟಿತ್ತು.

ಬೇರೆ ಯಾರಾದರೂ ಆಗಿದ್ದರೆ ಏನೋ ಒಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಕೋಟು, ಬೂಟು, ಟೈ ಸಮೇತ ಕೆಸರಿಗೆ ಇಳಿದರು. ಜನವೂ ಜನವೇ, ಒಬ್ಬರೂ ಎದ್ದು ಹೋಗಲಿಲ್ಲ. ನಾನು ಬದುವಿನ ಮೇಲೆ ನಿಂತು ಕೂಗಿದೆ: “ರೀ, ಸಾಕು ಬರ್ರಿ. ಜನ ಕಾಯ್ಲಿಕ್ಕತ್ತಾರ.”

“ಕೋಳಿ ಸಿಗದ ಹೆಂಗ ಬರ್ಲಿ?” ಎಂದು ಭತ್ತದ ನಡುವಿನಿಂದ ಉತ್ತರ ಬಂತು. ಕೋಳಿ ಸಿಕ್ಕಿತು. ಇವರು ಸೊಂಟದವರೆಗೆ ಕೆಸರಾಗಿ ಅದನ್ನೆತ್ತಿಕೊಂಡು ಬಂದಾಗ ಬಿದ್ದ ಚಪ್ಪಾಳೆ ನನ್ನನ್ನು ಕೊಯ್ದಾಗ ಯಾವತ್ತೂ ಬಿದ್ದಿರಲಿಲ್ಲ. ಕೋಟು ಒಗೆದವಳು ನಾನು.

ಆಮೇಲೆ ಚೀನಾದವರಿಗೆ ನಮ್ಮ ಕೆಂಪು ಮಣ್ಣು ಬೇಕಾಯಿತು ನೋಡಿ, ಊರಿಗೆ ಊರೇ ಜಾದೂ ಕಲಿತುಬಿಟ್ಟಿತು. ನಿನ್ನೆ ಸೈಕಲ್ ತುಳಿಯುತ್ತಿದ್ದವರ ಬಾಗಿಲಲ್ಲಿ ಇವತ್ತು ಮನೆಗಿಂತ ದೊಡ್ಡ ಕಾರು. ಗಾದಿಗನೂರಿನ ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ, ಅಡ್ಡ ದಾಟಬೇಕಾದರೆ ಮನೆದೇವರಿಗೆ ಹರಕೆ ಹೊರಬೇಕು. ಬಿಳಿ ಪಂಚೆ ಒಣಹಾಕಿದರೆ ಸಂಜೆಗೆ ಕಾವಿಯಾಗಿ ಸಿಗುತ್ತಿತ್ತು. ಹೆಂಡತಿ ಮಕ್ಕಳೊಂದಿಗರೆಲ್ಲ ಸನ್ಯಾಸಿಗಳ ಬಣ್ಣದಲ್ಲಿ ಓಡಾಡಿದ ಕಾಲ ಅದು. ಒಗೆಯುವವರು ಯಾರು? ನಾವು. ಕೆಮ್ಮುವವರು ಯಾರು? ನಾವೇ. ದುಡ್ಡು ಮಾಡಿದವರು ಮಾತ್ರ ಗಾಜು ಏರಿಸಿಕೊಂಡು ತಣ್ಣಗೆ ಹೋಗುತ್ತಿದ್ದರು. ಅವರನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ, ಉರಿಯಲಿ.

ಇವರ ಲ್ಯಾಬಿಗೆ ಕಲ್ಲಿನ ಚೀಲಗಳು ಬಂದು ಬೀಳುತ್ತಿದ್ದವು, ಇವರ ಮಾತು ಕಡಿಮೆಯಾಗುತ್ತಾ ಹೋಯಿತು. ಸಂಡೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಾ, “ಇಲ್ಲೊಂದು ಇತ್ತಲ್ಲ” ಎನ್ನುತ್ತಿದ್ದರು. ಯಾವುದು ಎಂದು ನಾನು ಕೇಳುತ್ತಿರಲಿಲ್ಲ. ನನಗೆ ನೌಕರಿ ಉಳಿದರೆ ಸಾಕಿತ್ತು. ಅತ್ತೆಯವರ ದಮ್ಮಿನ ಔಷಧಿ, ಬಾಡಿಗೆ ಮನೆ, ಎಲ್ಲಾ ಆ ಒಂದು ನೌಕರಿಯ ಮೇಲೆ ನಿಂತಿತ್ತು.

ಅಷ್ಟರಲ್ಲಿ ಕಂಪನಿಯ ವಾರ್ಷಿಕೋತ್ಸವ ಬಂತು. ಸಂಡೂರಿನ ಗಣಿಯ ಬಳಿಯೇ ಶಾಮಿಯಾನ ಹಾಕಿದ್ದರು. “ನಮ್ಮ ಡಾಕ್ಟ್ರು ಜಾದೂ ಮಾಡ್ತಾರಂತ, ಮಾಡಿಸ್ರಿ” ಎಂದು ಮಾಲೀಕರ ಅಪ್ಪಣೆಯಾಯಿತು. ಅವತ್ತು ಗರಗಸ ಬೇಡವೆಂದರು, ನಾನು ಬದುಕಿದೆ ಅಂದುಕೊಂಡೆ. ಇವರು ಮಾಲೀಕರ ಕೈಗಡಿಯಾರವನ್ನೇ ಕೇಳಿದರು. “ಭಾಳ ತುಟ್ಟಿ ವಾಚ್ ಐತಿ ನೋಡ್ರಿ” ಎನ್ನುತ್ತಲೇ ಆತ ಬಿಚ್ಚಿ ಕೊಟ್ಟ. ಇವರು ಅದನ್ನು ಕರವಸ್ತ್ರದಲ್ಲಿ ಸುತ್ತಿ, ಲ್ಯಾಬಿನ ಕಬ್ಬಿಣದ ಕುಟ್ಟಾಣಿಗೆ ಹಾಕಿ ಕುಟ್ಟಿದ್ದೇ ಕುಟ್ಟಿದ್ದು. ಬಿಚ್ಚಿದರೆ ಒಂದು ಹಿಡಿ ಕೆಂಪು ಅದಿರಿನ ಪುಡಿ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವಾಚು ಆಗಲೇ ನನ್ನ ಸೆರಗಿನ ಗಂಟಿಗೆ ಸೇರಿತ್ತು. ಗುಟ್ಟು ಬಿಚ್ಚಿಟ್ಟೆ ನೋಡಿ, ಇನ್ನು ಯಾರ ಭಯ?

ಇವರು ನನ್ನ ಕಡೆ ತಿರುಗಿ ಮಂತ್ರ ಹಾಕಬೇಕು, ನಾನು ಮುಂದೆ ಬಂದು ವಾಚು ತೋರಿಸಬೇಕು. ಅಷ್ಟೇ ಉಳಿದಿದ್ದದ್ದು. ಇವರು ನನ್ನ ಕಡೆ ತಿರುಗಲಿಲ್ಲ. ಸ್ಟೇಜಿನ ಹಿಂದೆ, ಬಯಲಿನ ಕಡೆ ತಿರುಗಿ ನಿಂತರು. ಆಮೇಲೆ ಮೈಕಿನ ಹತ್ತಿರ ಬಂದರು.

“ಯಜಮಾನ್ರ, ಮಾಯ ಮಾಡಿದ್ದನ್ನ ವಾಪಸ್ ಕೊಡೋದು ನನ್ನ ನಿಯಮ. ಇಲ್ಲಿ ಹಿಂದ ಒಂದು ಗುಡ್ಡ ಇತ್ತು. ಅದರ ಕಲ್ಲು ಮೊದಲು ಕುಟ್ಟಿ ನೋಡಿ, ಇದರಾಗ ಭಾಳ ಛಲೋ ಕಬ್ಬಿಣ ಅದ ಅಂತ ನಿಮಗ ಹೇಳಿದವ ನಾನ. ಅಂದ್ರ ಅದನ್ನ ಮಾಯ ಮಾಡಿದವನೂ ನಾನ. ವಾಪಸ್ ತರ್ಲಿಕ್ಕೆ ನನ್ನ ಕೈಲೆ ಆಗವಲ್ದು. ಇನ್ನ ಮ್ಯಾಲೆ ನಾ ಜಾದೂ ಮಾಡಂಗಿಲ್ಲ.”

ಮಾಲೀಕ ತನ್ನ ಬರಿ ಮುಂಗೈ ನೋಡಿಕೊಂಡ. “ಗುಡ್ಡ ಇರ್ಲಿ ಡಾಕ್ಟ್ರ, ನನ್ನ ವಾಚ್ ಎಲ್ಲೈತ್ರಿ?” ಎಂದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವರ ಮೇಲೆ ಬಂತೋ ಆತನ ಮೇಲೆ ಬಂತೋ, ಈಗಲೂ ಹೇಳಲಾರೆ. ಸೆರಗಿನ ಗಂಟು ಬಿಚ್ಚಿ, ಸ್ಟೇಜಿನಿಂದ ಇಳಿದು ಹೋಗಿ, ವಾಚನ್ನು ಆತನ ಕೈಯಲ್ಲಿಟ್ಟೆ. “ತಗೋರಿ. ನಮ್ಮವರು ತಗೊಂಡಿದ್ದು ವಾಪಸ್ ಬಂದದ. ನೀವು ತಗೊಂಡಿದ್ದು ನೋಡ್ಕೋರಿ” ಎಂದೆ. ಮಾರನೆಯ ವಾರ ಲ್ಯಾಬಿನ ಗೇಟಿನಲ್ಲೇ ಇವರನ್ನು ತಡೆದು ಮನೆಗೆ ಕಳಿಸಿದರು.

ವಾರ್ಷಿಕೋತ್ಸವದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ: “ನನಗೊಂದು ಮಾತು ಮೊದಲೇ ಹೇಳಬಾರದಾಗಿತ್ತೇನ್ರಿ?”

“ನನಗೂ ಗೊತ್ತಿರ್ಲಿಲ್ಲ” ಎಂದರು. ಆಮೇಲೆ, “ವಾಚ್ ನಿನ್ನ ಕಡೆ ಅದ ಅನ್ನೋದು ಗೊತ್ತಿತ್ತು. ಅದಕ್ಕ ಬಾಯಿ ಬಂತು” ಎಂದರು. ನಾನು ಹೊಸಪೇಟೆ ಬರುವವರೆಗೆ ಸೆರಗಿಗೆ ಗಂಟು ಹಾಕುತ್ತಾ, ಬಿಚ್ಚುತ್ತಾ ಕೂತೆ. ಮಾತಾಡಿದ್ದರೆ ಅಳು ಬರುತ್ತಿತ್ತು, ಬಸ್ಸಿನಲ್ಲಿ ಅಳುವವಳಲ್ಲ ನಾನು.

ಆಮೇಲೆ ಕಾಲೇಜು ಹುಡುಗರಿಗೆ ಮನೆಯಲ್ಲೇ ಪಾಠ ಹೇಳಿ ಸಂಸಾರ ತೂಗಿಸಿದೆವು. ನನ್ನನ್ನು ಕೊಯ್ಯುತ್ತಿದ್ದ ಪೆಟ್ಟಿಗೆಯಲ್ಲಿ ಅಕ್ಕಿ ತುಂಬಿಟ್ಟೆ. ಒಂದು ದಿನ ಕೋರ್ಟು ಗಣಿ ನಿಲ್ಲಿಸಿತು, ಲಾರಿಗಳೂ ನಿಂತವು, ಪಂಚೆ ಮತ್ತೆ ಬೆಳ್ಳಗಾಯಿತು. ಗುಡ್ಡ ಬರಲಿಲ್ಲ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಇವರು ಜಗುಲಿಯ ಕುರ್ಚಿಯಲ್ಲಿ ಕೂತು, “ಒಂದೀಟು ಕಾಫಿ ಕೊಡ್ತೀಯೇನು?” ಎಂದರು. ಡಿಕಾಕ್ಷನ್ನಿಗೆ ಹಾಲು ಬೆರೆಸಿ ತರುವಷ್ಟರಲ್ಲಿ ಇವರು ಕೂತಲ್ಲೇ ಹೋಗಿಬಿಟ್ಟಿದ್ದರು.

ಇದು ಯಾವ ಸೀಮೆಯ ಜಾದೂ? ಜೀವಮಾನವೆಲ್ಲ ನಿಯಮ ನಿಯಮ ಎಂದು ನನ್ನ ತಲೆ ತಿಂದವರು, ಕೋಳಿಗೊಂದು ನ್ಯಾಯ ಹೆಂಡತಿಗೊಂದು ನ್ಯಾಯ ಮಾಡಬಹುದೇ? ಬಂಧು ಬಳಗದವರೆಲ್ಲ ‘ಇನ್ನಾದರೂ ಸಿಟ್ಟು ಬಿಡು’ ಎನ್ನುತ್ತಾರೆ. ಹೇಗೆ ಬಿಡಲಿ? ಬುಕ್ಕಸಾಗರದ ಜನ ಅವತ್ತು ಎದ್ದು ಹೋಗದೆ ಕೂತಿದ್ದರಲ್ಲ, ಹಾಗೆ ನಾನೂ ಇದೇ ಜಗುಲಿಯಲ್ಲಿ ಕೂತಿದ್ದೇನೆ. ಯಾರೂ ಇಲ್ಲದಾಗ ಬೀದಿಯ ಕಡೆ ನೋಡಿ ಮೆಲ್ಲಗೆ ಅನ್ನುತ್ತೇನೆ.

ರೀ, ಸಾಕು ಬರ್ರಿ. ಜನ ಕಾಯ್ಲಿಕ್ಕತ್ತಾರ.