ಪುತ್ತನ್‌ಪಾಡಕ್ಕೆ ಬಂದ ಬಸ್ಸು

ತ್ರಿಶ್ಶೂರಿನ ಅಂಚಿನ ಪುತ್ತನ್‌ಪಾಡಂ ಬಡಾವಣೆಗೆ ಬಸ್ಸು ಮಂಜೂರಾಗಿದೆಯೆಂದು ಸಮಸ್ತ ನಿವಾಸಿಗಳಿಗೆ ತಿಳಿಸಲು ಹರ್ಷವಾಗುತ್ತದೆ. ಈ ಪ್ರಕಟಣೆಯನ್ನು ನಿವಾಸಿಗಳ ಸಂಘದ ಕಾರ್ಯದರ್ಶಿ, ಊರಿಗೆಲ್ಲ ಮೇಷ್ಟ್ರಾದ ವರೀದ್ ಮಾಷ್ ತಾವೇ ಬರೆದು, ತಾವೇ ಓದಿ, ತಾವೇ ಹರ್ಷಪಟ್ಟರು. ಹನ್ನೊಂದು ವರ್ಷ ಅರ್ಜಿ ಹಾಕಿದವರೂ ಅವರೇ. ಅವರ ಹೆಂಡತಿ ತ್ರೇಸ್ಯಾ ಟೀಚರ್ ಪೇಟೆಯ ಶಾಲೆಗೆ ಹೋಗಲು ಮಂಡಿನೋವಿನಲ್ಲೇ ಹೆದ್ದಾರಿಯವರೆಗೆ ಎರಡು ಕಿಲೋಮೀಟರು ನಡೆಯುತ್ತಿದ್ದರು.

ಮಂಜೂರಾದದ್ದು ಒಂದೇ ನಿಲುಗಡೆ; ಅದು ಎಲ್ಲಿ ಎಂದು ತೀರ್ಮಾನಿಸಲು ಸಭೆ ಸೇರಿತು. ಹಳೇ ಇಗರ್ಜಿಯವರು ತಮ್ಮ ಶಿಲುಬೆಗೆ ಮುನ್ನೂರು ವರ್ಷವೆಂದರು. ಹೊಸ ಇಗರ್ಜಿಯವರು ತಮ್ಮಲ್ಲಿ ಜನ ಹೆಚ್ಚೆಂದರು. ಕಾನ್ವೆಂಟ್ ಶಾಲೆಯ ಮದರ್ ಏನೂ ಅನ್ನದೆ ನಾನೂರು ಮಕ್ಕಳನ್ನು ಸಭೆಗೆ ಕರೆತಂದರು.

ಮಾಷ್ ನಿಷ್ಪಕ್ಷಪಾತಕ್ಕೆ ಹೆಸರಾದವರು. ಆ ಹೆಸರನ್ನು ಬಹುಮಟ್ಟಿಗೆ ಅವರೇ ಹಬ್ಬಿಸಿದ್ದರು. ಅಂದೇ ನಿಯಮ ರಚಿಸಿದರು: 'ಯಾವುದೇ ಒಂದು ಸಂಸ್ಥೆಗೆ ಅನುಕೂಲವಾಗುವಂತೆ ಬಸ್ಸು ನಿಲ್ಲತಕ್ಕದ್ದಲ್ಲ.'

ಸಭೆಗೆ ಬಂದಿದ್ದ ಆ ಬಸ್ಸಿನ ಕಂಡಕ್ಟರ್ ಸುಗುಣನ್ ತಲೆ ಕೆರೆದುಕೊಂಡ. "ಹಂಗಾದ್ರೆ ಎಲ್ಲೂ ನಿಲ್ಲಿಸೋದೇ ಬೇಡ ಅಲ್ವಾ ಮಾಷೇ?"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಾಷ್ ಕೂಡ ತಟ್ಟಿದರು. ಅರ್ಥವಾದದ್ದು ಮನೆಗೆ ಬಂದ ಮೇಲೆ.

"ಬಸ್ಸು ನಮ್ಮ ಗೇಟಿನ ಮುಂದೇನೇ ಹೋಗುತ್ತೆ. ನಾನು ಮಾತ್ರ ಹೆದ್ದಾರಿಗೆ ನಡೆದು, ಅದನ್ನೇ ಹತ್ತಿ, ಇದೇ ಗೇಟು ದಾಟಿ ಪೇಟೆಗೆ ಹೋಗ್ಬೇಕು. ಸರೀನಾ?" ಎಂದರು ತ್ರೇಸ್ಯಾ.

"ನಿಯಮ, ತ್ರೇಸ್ಯಾ."

"ನನ್ನ ಮಂಡಿಗೂ ಒಂದು ನಿಯಮ ಬರ್ದುಕೊಡಿ ಮಾಷೇ, ನೋಯತಕ್ಕದ್ದಲ್ಲ ಅಂತ."

ಮಾಷಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಮರುದಿನ ಹೆಂಡತಿಯನ್ನು ಗೇಟಿನಲ್ಲೇ ನಿಲ್ಲಿಸಿಕೊಂಡು, ಆಚೀಚೆ ನೋಡಿ, ಮೆಲ್ಲಗೆ ಕೈ ಅಡ್ಡ ಹಿಡಿದರು. ಬಸ್ಸು ನಿಧಾನವಾಯಿತು. ಸುಗುಣನ್ ಕತ್ತು ಹೊರಹಾಕಿ, "ನಮ್ಮನ್ನ ಪರೀಕ್ಷೆ ಮಾಡ್ತಿದೀರಾ ಮಾಷೇ? ನಾವು ಬಗ್ಗಲ್ಲ!" ಎಂದು ಸೀಟಿ ಊದಿದ. ಒಳಗಿದ್ದವರೆಲ್ಲ ಮೆಚ್ಚಿ ತಲೆದೂಗಿದರು. ಮಾಷ್ ಆ ಕೈಯನ್ನೇ ಎತ್ತಿ ನಮಸ್ಕಾರ ಮಾಡಿಬಿಟ್ಟರು. ತ್ರೇಸ್ಯಾ ಚೀಲ ಹೆಗಲಿಗೇರಿಸಿ ಹೆದ್ದಾರಿಯತ್ತ ನಡೆದರು.

ಭಾನುವಾರ ಬಸ್ಸಿಗೆ ಆಶೀರ್ವಾದ. ಅದು ನಿಲ್ಲುವಂತಿಲ್ಲವಾದ್ದರಿಂದ ಎರಡೂ ಇಗರ್ಜಿಯ ಪಾದ್ರಿ ಅಚ್ಚನ್ಮಾರು ರಸ್ತೆಯ ಎರಡು ಬದಿ ನಿಂತು, ಓಡುವ ಬಸ್ಸಿಗೇ ತೀರ್ಥ ಎರಚಿದರು. ಪೇಟೆಗೆ ಹೋಗಲು ಹೆದ್ದಾರಿಯಲ್ಲೇ ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದ ತ್ರೇಸ್ಯಾ ಮುಖ ಒರೆಸಿಕೊಂಡು, ಶಿಲುಬೆಯ ಗುರುತು ಹಾಕಿ, ಪಕ್ಕದವಳಿಗೆ ಹೇಳಿದರು: "ನೋಡು, ಎರಡು ಕಡೆಯಿಂದಲೂ ಸಮ ಬಿತ್ತು."