ದೊಡ್ಡ ಪರದೆಯ ಮೇಲೆ ನನ್ನ ಎದೆಬಡಿತ

ಹನ್ಬಿತ್ ಕಪ್ ವಿಡಿಯೊ ಗೇಮ್ ಪಂದ್ಯಾವಳಿಯ ಅಧ್ಯಕ್ಷರೂ, ಆಟಗಾರರ ಹೃದಯಗಳ ಪಾಲಕರೂ ಆದ ಶ್ರೀಯುತ ಪ್ಯೊ ಅವರಿಗೆ,

ಮಾನ್ಯರೇ,

ಬೆಳಗಿನ ಜಾವ ಮೂರೂವರೆಗೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತಟತಟ ಕುಣಿಯುವ ಸದ್ದಿಗೆ ಎಚ್ಚರವಾಯಿತು. ತಾವು ಈಗ ಗಾಢ ನಿದ್ರೆಯಲ್ಲಿರುತ್ತೀರಿ. ಆ ನಿದ್ರೆಗೆ ನನ್ನ ಗೌರವಪೂರ್ವಕ ನಮಸ್ಕಾರಗಳು.

ನಾನು ಗು ಹ್ಯೆವೊನ್, ಇಂದು ಬೆಳಿಗ್ಗೆ ತಮ್ಮ ವೇದಿಕೆಯಲ್ಲಿ ಫೈನಲ್ ಆಡಬೇಕಾದವಳು. ಮಗುವಾದ ಮೇಲೆ ಇವಳ ಬೆರಳಿಗೆ ತುಕ್ಕು ಹಿಡಿಯಿತೆಂದು ನನ್ನ ತಂಡದವರು ನನ್ನನ್ನು ಬಿಟ್ಟು, ನನ್ನ ಕುರ್ಚಿಯಲ್ಲಿ ನಾಮ್ಗುಂಗ್ ಸೆರಿನ್ ಎಂಬ ಹುಡುಗಿಯನ್ನು ಕೂರಿಸಿದರು. ಇಂದು ನನ್ನ ಎದುರಾಳಿ ಅವಳೇ. ತುಕ್ಕಿನ ಮಾತು ಸುಳ್ಳೆಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ದಿನ ಸಿಗದು, ಕೆಟ್ಟ ದಿನವೂ ಸಿಗದು.

ಪಂದ್ಯದ ಅಂಜಿಕೆ ಕಳೆಯಲು ತಾವು ಹಂಚಿದ ಸೂಚನೆಗಳನ್ನು ಭಕ್ತಿಯಿಂದ ಓದಿದ್ದೇನೆ. ಎಂಟು ಗಂಟೆ ನಿದ್ದೆ ಮಾಡಿ ಎಂದಿದ್ದೀರಿ. ಹಲ್ಲು ಬರುತ್ತಿರುವ ನನ್ನ ಮಗಳು ದಾನ್‌ಬಿಗೂ ಇದನ್ನು ಓದಿ ಹೇಳಿದೆ. ಅವಳು ಕಾಗದದ ಮೂಲೆಯನ್ನು ಕಚ್ಚಿ ತಿಂದಳು. ಸಮಿತಿಯ ಸದಸ್ಯರು ಸರದಿಯ ಮೇಲೆ ಬಂದು ಅವಳನ್ನು ಎತ್ತಿಕೊಂಡು ಓಡಾಡುವುದಾದರೆ ಆ ಎಂಟು ಗಂಟೆಗಳನ್ನು ಈ ವರ್ಷದೊಳಗೆ ಖಂಡಿತ ಮುಗಿಸಿಕೊಡುತ್ತೇನೆ.

ಆದರೆ ತಮ್ಮ ನಿಜವಾದ ಉಪಕಾರ ಎಂದರೆ ಮಣಿಕಟ್ಟಿಗೆ ಪಟ್ಟಿ ಬಿಗಿದು, ನಮ್ಮ ಎದೆಬಡಿತವನ್ನು ದೊಡ್ಡ ಪರದೆಯ ಮೇಲೆ ಪ್ರೇಕ್ಷಕರಿಗೆಲ್ಲ ತೋರಿಸುತ್ತಿರುವುದು. ಮದುವೆಯಾದಾಗಿನಿಂದ ನನ್ನ ಯಜಮಾನರೂ ವಿಚಾರಿಸದ ಹೃದಯವನ್ನು ಇಡೀ ಸಭಾಂಗಣ ವಿಚಾರಿಸುವಂತೆ ಮಾಡಿದಿರಿ. ನಿನ್ನೆ ಸೆಮಿಫೈನಲ್‌ನಲ್ಲಿ ಆ ಅಂಕಿ ಏರಿದಷ್ಟೂ ಜನ ಕೂಗಿದರು, ಜನ ಕೂಗಿದಷ್ಟೂ ಅದು ಏರಿತು. ಗೆದ್ದು ಇಳಿದು ಬಂದರೆ ಸೆರಿನ್ ನನ್ನ ಕೈಹಿಡಿದು, "ಅಕ್ಕಾ, ನಿಮ್ಮ ಎದೆಬಡಿತ ನೋಡಿ ನನಗೇ ಸುಸ್ತಾಯ್ತು. ನಾಳೆ ಬಡಿತ ಇಳಿಸೋ ಮಾತ್ರೆ ಒಂದು ನುಂಗ್ಕೊಂಡು ಬನ್ನಿ" ಎಂದಳು. ಹಾಲೂಡಿಸುವವಳಿಗೆ ಆ ಮಾತ್ರೆಯೂ ಇಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದರೆ, "ಬಡೀದೆ ಇನ್ನೇನು, ನಿಂತೇ ಹೋಗ್ಬೇಕಿತ್ತಾ? ನಿಮ್ಮ ಅಧ್ಯಕ್ಷರಿಗೂ ಒಂದು ಪಟ್ಟಿ ಕಟ್ಟಿ ನೋಡು, ಬಡಿಯುತ್ತೋ ಇಲ್ವೋ" ಎಂದರು.

ಆ ಅತ್ತೆಯೇ ಈಗ ಒಲೆಯ ಮುಂದೆ ನಿಂತು ಕಡಲಪಾಚಿಯ ಸಾರು ಕುದಿಸುತ್ತಿದ್ದಾರೆ. ಇಂದು ದಾನ್‌ಬಿಯ ಮೊದಲ ಹುಟ್ಟುಹಬ್ಬ. ನಮ್ಮಲ್ಲಿ ಹುಟ್ಟುಹಬ್ಬದಂದು ಹೆತ್ತವಳು ಆ ಸಾರು ಕುಡಿಯದೆ ದಿನ ಶುರುವಾಗುವಂತಿಲ್ಲ. ಪರೀಕ್ಷೆ ಪಂದ್ಯಗಳ ದಿನ ಅದನ್ನು ಕುಡಿದರೆ ಪಾಚಿ ಮೆಟ್ಟಿದಂತೆ ಜಾರಿ ಸೋಲುತ್ತಾರೆಂದು ತಮ್ಮ ತಾಯಿಯೂ ತಮಗೆ ಹೇಳಿಯೇ ಇರುತ್ತಾರೆ. ನಾನು ಕಾಲೇಜು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ನಂಬದಿದ್ದರೂ ಆ ಬಟ್ಟಲನ್ನು ನೆನೆಸಿಕೊಂಡರೆ ಸಾಕು, ಬೆರಳು ತಣ್ಣಗಾಗುತ್ತದೆ. ಕುಡಿಯದಿದ್ದರೆ ಮಗಳಿಗೆ ಕೆಡುಕಾದೀತೆಂಬ ಭಯ, ಕುಡಿದರೆ ಸೆರಿನ್ ಮುಂದೆ ಬೆರಳು ಜಾರೀತೆಂಬ ಭಯ. ಎರಡನ್ನೂ ತಾವು ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ಅವಳಿಗೇ ತೋರಿಸುವಿರಿ.

ಆದ್ದರಿಂದ ವಿನಂತಿ ಇಷ್ಟೇ: ಕಡಲಪಾಚಿ ಜಾರುವುದಿಲ್ಲವೆಂದು ಸಮಿತಿಯ ಮೊಹರು ಹಾಕಿ ಆದೇಶ ಹೊರಡಿಸಿ. ಅದು ಆಗದಿದ್ದರೆ ಸೆರಿನ್‌ಗೂ ಒಂದು ಬಟ್ಟಲು ಕುಡಿಸಿ. ಇಬ್ಬರೂ ನ್ಯಾಯವಾಗಿ ಜಾರೋಣ. ಅದೂ ಆಗದಿದ್ದರೆ ಆ ಪರದೆಯನ್ನು ನಂದಿಸಿ. ನನ್ನ ಬೆರಳುಗಳನ್ನು ಎಲ್ಲರೂ ನೋಡಲಿ, ಅವು ಇರುವುದೇ ಅದಕ್ಕೆ. ಎದೆ ಮಾತ್ರ ನನ್ನ ಮನೆಯ ವಿಷಯ.

ನಿದ್ದೆಗೆಟ್ಟರೂ ನಿಷ್ಠೆ ಕೆಡದ
ತಮ್ಮ ವಿಶ್ವಾಸಿ,
ಗು ಹ್ಯೆವೊನ್

ಮರೆತಿದ್ದೆ: ಮುಚ್ಚಳದ ಸದ್ದು ಈಗ ನಿಂತಿದೆ. ಅತ್ತೆ ಎರಡು ಪಾತ್ರೆ ಸಾರು ಮಾಡಿದ್ದಾರೆ. ದೊಡ್ಡದನ್ನು ಸಭಾಂಗಣಕ್ಕೆ ಹೊತ್ತು ತಂದು, ಪಂದ್ಯಕ್ಕೆ ಮೊದಲು ತಮಗೂ ತೀರ್ಪುಗಾರರಿಗೂ ನಿಂತು ಬಡಿಸುತ್ತಾರಂತೆ. ತಾವು ಬೇಡವೆನ್ನುವಾಗ ಆ ಪಟ್ಟಿ ತಮ್ಮ ಮಣಿಕಟ್ಟಿನ ಮೇಲಿರಲಿ ಎಂಬುದು ಅವರ ಒಂದೇ ಆಸೆ. ನನ್ನ ಬಟ್ಟಲು ಇನ್ನೂ ಮುಟ್ಟದೆ ಎದುರಿಗಿದೆ, ಆರುತ್ತಿದೆ. ಪರದೆ ಇರುವುದಿಲ್ಲ ಎಂದು ಒಂದು ಮಾತು ಸಿಕ್ಕರೆ ಕಣ್ಣುಮುಚ್ಚಿ ಕುಡಿದುಬಿಡುತ್ತೇನೆ. ಮಗು ಏಳದಿರಲೆಂದು ಈ ಪತ್ರ ಕಳಿಸುತ್ತಿರುವ ಫೋನಿನ ಸದ್ದು ಅಡಗಿಸಿದ್ದೇನೆ, ಆದರೆ ಅದರ ಬೆಳಕನ್ನೇ ನೋಡುತ್ತ ಕೂತಿದ್ದೇನೆ. ದಯವಿಟ್ಟು, ಬೆಳಗಾಗುವುದರೊಳಗೆ ಒಂದು ಕರೆ ಮಾಡಿ.